ಕಾಗದದ ಹೂವಿನ ಹಿಂದೆ ಒಬ್ಬ ಕ್ಯಾಪ್ಟನ್

ನಮ್ಮ ಹಾಸ್ಟೆಲ್ ಕಾಂಪೌಂಡ್ ಗೋಡೆ ಮೇಲೆ ಹಬ್ಬಿರೋ ಬಳ್ಳಿಯನ್ನ ನೀವೆಲ್ಲ ನೋಡೇ ಇರ್ತೀರಿ. ಅದಕ್ಕೆ ಯಾರೂ ನೀರು ಹಾಕಲ್ಲ, ಗೊಬ್ಬರ ಅಂತೂ ಕೇಳಲೇಬೇಡಿ. ಆದರೂ ಮಾರ್ಚ್ ಬಿಸಿಲಿಗೆ ಲಾನ್ ಪೂರ್ತಿ ಒಣಗಿ ಹೋದಾಗ ಅದೊಂದು ಮಾತ್ರ ಗುಲಾಬಿ ಬಣ್ಣದಲ್ಲಿ ಮುಳುಗಿರುತ್ತೆ. ನಮ್ಮ ಅಜ್ಜಿ ಊರಲ್ಲಿ ಇದನ್ನ ಕಾಗದದ ಹೂವು ಅಂತಾರೆ. ಅಜ್ಜಿಗೆ ಅದರ ಮೇಲೆ ಅಷ್ಟೇನೂ ಗೌರವ ಇಲ್ಲ. ವಾಸನೆ ಇಲ್ಲ, ಮುಡಿಯೋಕಾಗಲ್ಲ, ದೇವರಿಗೆ ಏರಿಸೋಕಾಗಲ್ಲ, ಮುಳ್ಳು ಬೇರೆ. ಬೇಲಿಗೆ ಹಾಕಿದರೆ ದನ ಒಳಗೆ ನುಗ್ಗಲ್ಲ, ಅದೊಂದೇ ಉಪಯೋಗ ಅನ್ನೋದು ಅವರ ಲೆಕ್ಕ.

ನಾನು ಮಾತ್ರ ಇಂಗ್ಲಿಷ್ ಮೀಡಿಯಂ ಹುಡುಗ. ಬೋಗನ್‌ವಿಲಿಯಾ ಅನ್ನೋ ಹೆಸರಲ್ಲಿ ವಿಲ್ಲಾ ಇದೆ, ಹಾಗಾಗಿ ಇದು ದೊಡ್ಡ ದೊಡ್ಡ ವಿಲ್ಲಾಗಳ ಮುಂದೆ ಬೆಳೆಸೋ ಹೂವು ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಕಳೆದ ಸೆಮಿಸ್ಟರ್‌ನಲ್ಲಿ ಆ ನಂಬಿಕೆ ಮುರಿದುಬಿತ್ತು. ಮ್ಯಾಥ್ಸ್ ಮೊದಲ ಇಂಟರ್ನಲ್ಸ್‌ನಲ್ಲಿ ಡಬಲ್ ಇಂಟಿಗ್ರಲ್ ನನ್ನನ್ನ ಚೆನ್ನಾಗಿ ಬೀಳಿಸಿತ್ತು. ಓದೋಕೆ ಅಂತ ಲೈಬ್ರರಿಗೆ ಹೋದವನು ಓದಬೇಕಾದ ಪುಸ್ತಕ ಬಿಟ್ಟು ಕ್ಯಾಲ್ಕುಲಸ್ ಇತಿಹಾಸದ ಪುಸ್ತಕ ತಿರುವುತ್ತಾ ಕೂತೆ. ಅಲ್ಲಿ ಇಂಟಿಗ್ರಲ್ ಕ್ಯಾಲ್ಕುಲಸ್ ಮೇಲೆ ಎರಡು ಸಂಪುಟದ ಪಠ್ಯಪುಸ್ತಕ ಬರೆದ ಒಬ್ಬ ಹುಡುಗನ ಹೆಸರು ಸಿಕ್ಕಿತು. ಲೂಯಿ ಆಂತ್ವಾನ್ ದ ಬೂಗನ್ವಿಲ್. ಹೌದು, ನಮ್ಮ ಗೋಡೆ ಮೇಲಿರೋ ಬೂಗನ್ವಿಲ್ಲೇ. ಅವತ್ತು ಇಂಟಿಗ್ರಲ್ ಅಂತೂ ಆಗಲಿಲ್ಲ, ಆದರೆ ಈ ಮನುಷ್ಯನ ಕಥೆ ಪೂರ್ತಿ ಓದಿ ಮುಗಿಸಿದೆ.

ಅವನು ಹುಟ್ಟಿದ್ದು 1729ರ ನವೆಂಬರ್‌ನಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ನೋಟರಿ, ಅಂದ್ರೆ ಪತ್ರ, ಕರಾರು, ಆಸ್ತಿ ವ್ಯವಹಾರ ಬರೆಸೋ ವಕೀಲ. ಸಮುದ್ರಕ್ಕೂ ಆ ಮನೆಗೂ ಸಂಬಂಧವೇ ಇಲ್ಲ. ಅಣ್ಣ ಜ್ಯಾನ್ ಪಿಯೆರ್ ದೊಡ್ಡ ವಿದ್ವಾಂಸ. ತಮ್ಮನಿಗೆ ಕಾನೂನು ಓದಿಸಬೇಕು ಅಂತ ಮನೆಯಲ್ಲಿ ಇದ್ದರೂ ಅವನಿಗೆ ಹಿಡಿದ ಹುಚ್ಚು ಗಣಿತದ್ದು. ಅವನಿಗೆ ಸಿಕ್ಕ ಮೇಷ್ಟ್ರುಗಳು ಯಾರು ಗೊತ್ತಾ? ಒಬ್ಬರು ಕ್ಲೇರೋ, ಇನ್ನೊಬ್ಬರು ಡಾಲಂಬೇರ್. ಸೀರೀಸ್ ಕನ್ವರ್ಜ್ ಆಗುತ್ತಾ ಇಲ್ವಾ ಅಂತ ನೋಡೋಕೆ ನಾವು ಬಳಸೋ ರೇಶಿಯೋ ಟೆಸ್ಟ್ ಇದೆಯಲ್ಲ, ಅದರ ಜೊತೆ ಅಂಟಿಕೊಂಡಿರೋ ಹೆಸರು ಇದೇ ಡಾಲಂಬೇರ್. ಅಂಥವರ ಹತ್ತಿರ ಟ್ಯೂಷನ್!

ನಾವೆಲ್ಲ ಲಿಮಿಟ್ಸ್ ಮಾಡುವಾಗ ಎಲ್ ಹಾಸ್ಪಿಟಲ್ ರೂಲ್ ಹಾಕಿದ್ದೇವೆ. ಅದು ಆಸ್ಪತ್ರೆ ಅಲ್ಲ, ಲೋಪಿತಾಲ್ ಅನ್ನೋ ಫ್ರೆಂಚ್ ಶ್ರೀಮಂತ. ಅವನು 1696ರಲ್ಲಿ ಬರೆದ ಪುಸ್ತಕ ಡಿಫರೆನ್ಷಿಯಲ್ ಕ್ಯಾಲ್ಕುಲಸ್‌ನ ಮೊದಲ ಪಠ್ಯಪುಸ್ತಕ. ಅದರಲ್ಲಿ ಇಂಟಿಗ್ರೇಷನ್ ಇರಲಿಲ್ಲ. ಅರ್ಧಕ್ಕೆ ನಿಂತ ಆ ಕೆಲಸವನ್ನ ಮುಂದುವರಿಸ್ತೀನಿ ಅಂತ ಹೊರಟವನು ಬೂಗನ್ವಿಲ್. ಮೊದಲ ಸಂಪುಟ 1754ರಲ್ಲಿ, ಎರಡನೆಯದು 1756ರಲ್ಲಿ ಬಂತು. ಹೊಸದಾಗಿ ಏನನ್ನೂ ಕಂಡುಹಿಡಿದ ಪುಸ್ತಕ ಅಲ್ಲ ಅದು. ಅಲ್ಲಲ್ಲಿ ಚದುರಿಹೋಗಿದ್ದ ವಿಧಾನಗಳನ್ನ ಒಂದು ಕಡೆ ತಂದು, ಕಲಿಯೋರಿಗೆ ಅರ್ಥ ಆಗೋ ಹಾಗೆ ಜೋಡಿಸಿದ ಪುಸ್ತಕ. ನನ್ನ ಪ್ರಕಾರ ಅದೇನೂ ಸಣ್ಣ ಕೆಲಸ ಅಲ್ಲ. ಪರೀಕ್ಷೆ ಹಿಂದಿನ ರಾತ್ರಿ ಒಳ್ಳೆ ನೋಟ್ಸ್‌ಗೆ ಎಷ್ಟು ಬೆಲೆ ಅಂತ ನಮಗೆಲ್ಲ ಗೊತ್ತು. 1756ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನ ಸದಸ್ಯನಾಗಿ ಆರಿಸಿತು. ವಯಸ್ಸು 26.

ಇಲ್ಲಿಗೆ ಅವನ ಜೀವನ ಸೆಟ್ಲ್ ಆಯ್ತು ಅಂತ ನಮ್ಮ ಮನೆಯವರಾಗಿದ್ದರೆ ಹೇಳ್ತಿದ್ದರು. ಆದರೆ ಅದೇ ವರ್ಷ ಅವನು ಯುದ್ಧಕ್ಕೆ ಹೊರಟ. ಅಷ್ಟರಲ್ಲಾಗಲೇ ಸೈನ್ಯ ಸೇರಿದ್ದ, ಲಂಡನ್ನಿನ ಫ್ರೆಂಚ್ ರಾಯಭಾರ ಕಚೇರಿಯಲ್ಲೂ ಸ್ವಲ್ಪ ಕಾಲ ಕೆಲಸ ಮಾಡಿ ಇಂಗ್ಲಿಷ್ ಕಲಿತಿದ್ದ. ಈಗ ಕೆನಡಾದಲ್ಲಿ ಬ್ರಿಟಿಷರ ವಿರುದ್ಧ ಹೋರಾಡ್ತಿದ್ದ ಫ್ರೆಂಚ್ ಸೇನಾಪತಿ ಮೋಂಕಾಮ್‌ನ ಆಪ್ತ ಅಧಿಕಾರಿಯಾಗಿ ಅಟ್ಲಾಂಟಿಕ್ ದಾಟಿದ. ಕೋಟೆಗಳ ಮುತ್ತಿಗೆ, ಕಾಡಿನ ಯುದ್ಧ, ಹಿಮ, ಹಸಿವು ಎಲ್ಲ ನೋಡಿದ. ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನ ಅವನನ್ನ ತಮ್ಮ ಆಮೆ ಕುಲಕ್ಕೆ ದತ್ತು ತಗೊಂಡರು. 1758ರಲ್ಲಿ ಕ್ಯಾರಿಯೋನ್ ಕೋಟೆಯ ಕಾಳಗದಲ್ಲಿ ಗಾಯವೂ ಆಯ್ತು.

ಆ ವರ್ಷದ ಕೊನೆಗೆ ಅವನನ್ನ ಫ್ರಾನ್ಸ್‌ಗೆ ಕಳಿಸಿದರು, ಹೆಚ್ಚು ಸೈನ್ಯ, ಹೆಚ್ಚು ಆಹಾರ ಕೇಳಿ ತರೋಕೆ. ಮಂತ್ರಿಗೆ ಕೊಡೋ ಮನಸ್ಸಿರಲಿಲ್ಲ. ಮನೆಗೇ ಬೆಂಕಿ ಬಿದ್ದಿರುವಾಗ ಕುದುರೆ ಲಾಯದ ಚಿಂತೆ ಯಾರಿಗೆ ಅಂತ ಮಂತ್ರಿ ಅಂದನಂತೆ. ಮಂತ್ರಿಗಳು ಕುದುರೆ ಥರ ಮಾತಾಡಿದರು ಅಂತ ಮಾತ್ರ ಯಾರೂ ದೂರೋಕಾಗಲ್ಲ ಬಿಡಿ ಅಂತ ಇವನು ತಿರುಗಿಸಿ ಕೊಟ್ಟನಂತೆ. ಕಥೆ ಚೆನ್ನಾಗಿದೆ, ಆದರೆ ಸೈನ್ಯ ಸಿಗಲಿಲ್ಲ. ಬರಿಗೈ ಅನ್ನೋ ಹಾಗೆ 1759ರ ಮೇ ತಿಂಗಳಲ್ಲಿ ಕೆನಡಾಕ್ಕೆ ವಾಪಸ್ ಬಂದ.

ಅವನ ಜೀವನದಲ್ಲಿ ನನ್ನನ್ನ ಹೆಚ್ಚು ಕಾಡಿದ ದಿನ ಅದೇ ವರ್ಷದ ಸೆಪ್ಟೆಂಬರ್ 13. ಕ್ವಿಬೆಕ್ ನಗರವನ್ನ ಬ್ರಿಟಿಷ್ ಹಡಗುಗಳು ಬೇಸಿಗೆಯಿಡೀ ಸುತ್ತುವರಿದಿದ್ದವು. ಬೂಗನ್ವಿಲ್‌ಗೆ ಒಂದು ಪಡೆ ಕೊಟ್ಟು, ನದಿಯ ಮೇಲ್ಭಾಗದಲ್ಲಿ ದಡ ಕಾಯೋಕೆ ನಿಲ್ಲಿಸಿದ್ದರು. ಬ್ರಿಟಿಷರು ಉಬ್ಬರಕ್ಕೆ ಮೇಲೆ, ಇಳಿತಕ್ಕೆ ಕೆಳಗೆ ಹಡಗು ಆಡಿಸ್ತಾ ಇದ್ದರು. ಅವುಗಳ ಜೊತೆ ದಡದ ಮೇಲೆ ನಡೆದೂ ನಡೆದೂ ಇವನ ಸೈನಿಕರು ಸುಸ್ತಾಗಿದ್ದರು. ಆ ರಾತ್ರಿ ನಗರಕ್ಕೆ ಆಹಾರ ತರೋ ಫ್ರೆಂಚ್ ದೋಣಿಗಳು ಬರಬೇಕಿತ್ತು. ಅದು ರದ್ದಾಯ್ತು, ಆದರೆ ದಡದ ಕಾವಲುಗಾರರಿಗೆ ಯಾರೂ ತಿಳಿಸಲಿಲ್ಲ. ಕತ್ತಲಲ್ಲಿ ದೋಣಿಗಳು ಬಂದಾಗ, ಒಳಗಿದ್ದವರು ಫ್ರೆಂಚ್‌ನಲ್ಲೇ ಉತ್ತರ ಕೊಟ್ಟಾಗ, ನಮ್ಮ ಆಹಾರವೇ ಬಂತು ಅಂತ ಬಿಟ್ಟುಬಿಟ್ಟರು. ಬಂದದ್ದು ಬ್ರಿಟಿಷ್ ಸೈನ್ಯ. ಬೆಳಗಾಗೋ ಹೊತ್ತಿಗೆ ಅವರು ನಗರದ ಪಕ್ಕದ ಬಯಲಲ್ಲಿ ಸಾಲುಗಟ್ಟಿ ನಿಂತಿದ್ದರು. ಬೂಗನ್ವಿಲ್‌ಗೆ ಸುದ್ದಿ ಮುಟ್ಟಿ, ಅವನು ಪಡೆ ಕಟ್ಟಿಕೊಂಡು ಬರೋಷ್ಟರಲ್ಲಿ ಯುದ್ಧ ಮುಗಿದಿತ್ತು. ಫ್ರೆಂಚರು ಸೋತಿದ್ದರು. ಮೋಂಕಾಮ್ ಗಾಯಗೊಂಡು ಮರುದಿನ ಸತ್ತ, ಗೆದ್ದ ಬ್ರಿಟಿಷ್ ಸೇನಾಪತಿ ವುಲ್ಫ್ ಅಲ್ಲೇ ಸತ್ತ. ಮರುವರ್ಷ ಮಾಂಟ್ರಿಯಲ್ ಶರಣಾಯ್ತು. ಶರಣಾಗತಿಯ ಮಾತುಕತೆಗೆ ಬ್ರಿಟಿಷರ ಹತ್ತಿರ ಹೋದವನೂ ಇವನೇ, ಇಂಗ್ಲಿಷ್ ಬರುತ್ತೆ ಅಂತ.

ಇಲ್ಲೊಂದು ಸಣ್ಣ ವಿಷಯ. ಕ್ವಿಬೆಕ್‌ಗೆ ಬಂದಿದ್ದ ಬ್ರಿಟಿಷ್ ನೌಕಾಪಡೆಯಲ್ಲಿ ನದಿಯ ಆಳ ಅಳೆದು ನಕ್ಷೆ ಮಾಡಿದವರಲ್ಲಿ ಜೇಮ್ಸ್ ಕುಕ್ ಅನ್ನೋನೂ ಇದ್ದ. ಹತ್ತು ವರ್ಷ ಕಳೆದ ಮೇಲೆ ಈ ಇಬ್ಬರೂ ಪ್ರಪಂಚದ ಇನ್ನೊಂದು ತುದಿಯ ಒಂದೇ ದ್ವೀಪಕ್ಕೆ, ಒಂದು ವರ್ಷದ ಅಂತರದಲ್ಲಿ ಬರ್ತಾರೆ.

ಕೆನಡಾ ಕೈಬಿಟ್ಟು ಹೋಯ್ತಲ್ಲ, ಅದಕ್ಕೆ ಬದಲಿಗೆ ಫ್ರಾನ್ಸ್‌ಗೆ ಬೇರೆ ನೆಲ ಬೇಕು ಅಂತ ಬೂಗನ್ವಿಲ್ ಹಠ ಹಿಡಿದ. 1763ರಲ್ಲಿ ನೌಕಾಪಡೆಯ ಕ್ಯಾಪ್ಟನ್ ಪದವಿ ಪಡೆದ. ಹುಟ್ಟಿನಿಂದ ಹಡಗಿನಲ್ಲೇ ಬೆಳೆದ ಅಧಿಕಾರಿಗಳಿಗೆ ಈ ಹೊರಗಿನವನನ್ನ ಕಂಡರೆ ಕೊನೆವರೆಗೂ ಆಗಲಿಲ್ಲ. ಮನೆಯವರ, ನೆಂಟರ ದುಡ್ಡು ಹಾಕಿ, ದಕ್ಷಿಣ ಅಮೆರಿಕದ ತುದಿಯ ಹತ್ತಿರ ಇರೋ, ನಾವು ಇವತ್ತು ಫಾಕ್‌ಲ್ಯಾಂಡ್ ಅಂತ ಕರೆಯೋ ದ್ವೀಪಗಳಲ್ಲಿ 1764ರಲ್ಲಿ ಒಂದು ವಸಾಹತು ಕಟ್ಟಿದ. ಕೆನಡಾ ಕಡೆಯಿಂದ ಬ್ರಿಟಿಷರು ಓಡಿಸಿದ್ದ ಫ್ರೆಂಚ್ ಕುಟುಂಬಗಳನ್ನ ಅಲ್ಲಿಗೆ ಕರೆತಂದ. ಅವರು ಹೊರಟಿದ್ದು ಸೇಂಟ್ ಮಾಲೋ ಬಂದರಿನಿಂದ. ಆ ಬಂದರಿನ ಹೆಸರಿಂದ ಮಾಲುಯಿನ್, ಅದರಿಂದ ಸ್ಪ್ಯಾನಿಷ್‌ನಲ್ಲಿ ಮಾಲ್ವಿನಾಸ್. ಅರ್ಜೆಂಟೀನಾ ಫುಟ್‌ಬಾಲ್ ಅಭಿಮಾನಿಗಳು ಇವತ್ತಿಗೂ ಕೂಗೋ ಹೆಸರು. ಸ್ಪೇನ್ ಮಾತ್ರ ಇದು ತನ್ನ ಜಾಗ ಅಂತ ಜಗಳ ತೆಗೀತು. ಫ್ರಾನ್ಸ್‌ನ ರಾಜನಿಗೆ ಸ್ಪೇನ್ ಜೊತೆ ಸ್ನೇಹ ಬೇಕಿತ್ತು. ಹಾಗಾಗಿ 1767ರ ಏಪ್ರಿಲ್ 1ರಂದು, ತಾನೇ ಕಟ್ಟಿದ ಊರನ್ನ ತಾನೇ ಹೋಗಿ ಸ್ಪೇನ್‌ಗೆ ಒಪ್ಪಿಸಬೇಕಾಯ್ತು. ಆರು ಲಕ್ಷ ಲೀವ್ರ್‌ಗೂ ಹೆಚ್ಚು ಪರಿಹಾರ ಸಿಕ್ಕಿತು. ಜೊತೆಗೆ ಒಂದು ಸಮಾಧಾನದ ಬಹುಮಾನ. ಹೇಗೂ ಅಲ್ಲಿವರೆಗೆ ಹೋಗ್ತೀಯ, ಹಾಗೇ ಮುಂದೆ ಪ್ರಪಂಚ ಸುತ್ತಿಕೊಂಡು ಬಾ ಅನ್ನೋ ಅಪ್ಪಣೆ.

ಎರಡು ಹಡಗು. ಬೂಡೂಸ್ ಅನ್ನೋದು ಯುದ್ಧದ ಹಡಗು. ಏತ್ವಾಲ್ ಅನ್ನೋದು ಸಾಮಾನು ಹೊರೋ ಹಡಗು, ಹೆಸರಿನ ಅರ್ಥ ನಕ್ಷತ್ರ. ಎರಡರಲ್ಲೂ ಸೇರಿ 300ಕ್ಕೂ ಹೆಚ್ಚು ಜನ. ಬೂಡೂಸ್ 1766ರ ಡಿಸೆಂಬರ್‌ನಲ್ಲಿ ಬ್ರೆಸ್ಟ್ ಬಂದರು ಬಿಟ್ಟಿತು. ಏತ್ವಾಲ್ ಹಿಂದಿನಿಂದ ಬಂದು 1767ರ ಜೂನ್‌ನಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲಿ ಸೇರಿಕೊಂಡಿತು. ಆ ಎರಡನೇ ಹಡಗಿನಲ್ಲಿ ಫಿಲಿಬೇರ್ ಕೊಮೆರ್ಸೋನ್ ಅನ್ನೋ ಸಸ್ಯವಿಜ್ಞಾನಿ ಇದ್ದ. ಅವನ ಜೊತೆ ಒಬ್ಬ ಆಳು. ಆಳಿನ ವಿಷಯಕ್ಕೆ ಆಮೇಲೆ ಬರ್ತೀನಿ, ಅದೇ ಮುಖ್ಯ.

ರಿಯೋ ಸುತ್ತಮುತ್ತ ಕೊಮೆರ್ಸೋನ್‌ಗೆ ಒಂದು ಮುಳ್ಳಿನ ಬಳ್ಳಿ ಸಿಕ್ಕಿತು. ಅದಕ್ಕೆ ತನ್ನ ಕ್ಯಾಪ್ಟನ್ ಹೆಸರಿಟ್ಟ. ನಿಮಗೆ ಟೈಮ್ ಇದ್ದರೆ ಇವತ್ತು ಸಂಜೆ ಒಂದು ಗೊಂಚಲು ಕಿತ್ತು ನೋಡಿ. ನಾವು ಹೂವು ಅಂದುಕೊಂಡಿರೋ ಆ ಗುಲಾಬಿ ಬಣ್ಣದ್ದು ಹೂವೇ ಅಲ್ಲ, ಎಲೆ. ನರಗಳೂ ಎಲೆಯಲ್ಲಿ ಇರೋ ಹಾಗೇ ಕಾಣುತ್ತೆ. ಮೂರು ಬಣ್ಣದ ಎಲೆಗಳ ಒಳಗೆ ಮೂರು ಸಣ್ಣ ಕೊಳವೆಗಳಿರುತ್ತವೆ, ತುದಿಯಲ್ಲಿ ಬೆಳ್ಳಗೆ ಬಿಚ್ಚಿಕೊಂಡಿರುತ್ತೆ. ನಿಜವಾದ ಹೂವು ಅದು. ಎಲೆ ಒಣಗಿದರೂ ಬಣ್ಣ ಉಳಿಯೋದರಿಂದ ಮುಟ್ಟಿದರೆ ಕಾಗದದ ಹಾಗೆ ಸದ್ದು ಮಾಡುತ್ತೆ. ಅಜ್ಜಿ ಊರಿನವರು ಇಟ್ಟ ಹೆಸರು ವಿಜ್ಞಾನಿ ಇಟ್ಟ ಹೆಸರಿಗಿಂತ ಸರಿಯಾಗಿದೆ ಅಂತ ನಂಗನಿಸುತ್ತೆ. ನಮ್ಮ ಸಂಜೆಮಲ್ಲಿಗೆ ಇದೇ ಕುಟುಂಬದ ಗಿಡ, ಅದು ಗೊತ್ತಾದಾಗ ನಂಗೆ ಆಶ್ಚರ್ಯ ಆಯ್ತು. ಇನ್ನು ನೀರು ಕಡಿಮೆ ಆದಷ್ಟೂ ಇದಕ್ಕೆ ಬಣ್ಣ ಜಾಸ್ತಿ, ನೀರು ಹೆಚ್ಚಾದರೆ ಬರೀ ಹಸಿರು. ಹೈವೇ ಡಿವೈಡರ್ ಮೇಲೆ ಇದನ್ನೇ ನೆಡೋದು ಸುಮ್ಮನೆ ಅಲ್ಲ.

ಪ್ರಯಾಣಕ್ಕೆ ವಾಪಸ್ ಬರೋಣ. ಮೆಗೆಲ್ಲನ್ ಜಲಸಂಧಿಯನ್ನ ದಾಟೋಕೆ 52 ದಿನ ಹಿಡಿಯಿತು. 1768ರ ಜನವರಿ ಕೊನೆಗೆ ಪೆಸಿಫಿಕ್. ಆಗಿನ ಕಾಲದ ದೊಡ್ಡ ಎಂಜಿನಿಯರಿಂಗ್ ಸಮಸ್ಯೆ ಏನಂದ್ರೆ ರೇಖಾಂಶ. ಅಕ್ಷಾಂಶ ಸೂರ್ಯನ ಎತ್ತರ ನೋಡಿ ಹೇಳಬಹುದು. ರೇಖಾಂಶಕ್ಕೆ ಎರಡು ಜಾಗದ ಸಮಯದ ವ್ಯತ್ಯಾಸ ಗೊತ್ತಾಗಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಹಾಗಾಗಿ ಸಮಯದಲ್ಲಿ ನಾಲ್ಕು ನಿಮಿಷ ತಪ್ಪಿದರೆ ನಕ್ಷೆಯಲ್ಲಿ ಒಂದು ಡಿಗ್ರಿ ತಪ್ಪು. ಸಮಭಾಜಕದ ಹತ್ತಿರ ಅದು ಸುಮಾರು 111 ಕಿಲೋಮೀಟರ್. ಹಡಗಿನಲ್ಲಿ ಕೆಡದೆ ಓಡೋ ಗಡಿಯಾರ ಇವರ ಹತ್ತಿರ ಇರಲಿಲ್ಲ. ಆದರೆ ವೆರೋನ್ ಅನ್ನೋ ಖಗೋಳಜ್ಞ ಇದ್ದ. ಚಂದ್ರ ನಕ್ಷತ್ರಗಳ ಮಧ್ಯೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಸರೀತಾನೆ. ಆಕಾಶವನ್ನೇ ಗಡಿಯಾರದ ಡಯಲ್, ಚಂದ್ರನನ್ನೇ ಮುಳ್ಳು ಮಾಡಿಕೊಂಡು, ಚಂದ್ರನಿಗೂ ನಕ್ಷತ್ರಕ್ಕೂ ಇರೋ ಕೋನ ಅಳೆದು, ಗಂಟೆಗಟ್ಟಲೆ ಕೈಯಲ್ಲೇ ಲೆಕ್ಕ ಮಾಡಿ ರೇಖಾಂಶ ತೆಗೀತಿದ್ದರು. ಕ್ಯಾಲ್ಕುಲಸ್ ಪುಸ್ತಕ ಬರೆದ ಕ್ಯಾಪ್ಟನ್‌ಗೆ ಈ ಲೆಕ್ಕದ ಬೆಲೆ ಗೊತ್ತಿತ್ತು. ಪೆಸಿಫಿಕ್ ಸಾಗರ ಎಷ್ಟು ಅಗಲ ಅನ್ನೋದನ್ನ ಸರಿಯಾಗಿ ಹೇಳೋಕೆ ಈ ಪ್ರಯಾಣದ ಅಳತೆಗಳು ಸಹಾಯ ಮಾಡಿದವು. ಕೆಮಿಕಲ್ ಡಿಪಾರ್ಟ್‌ಮೆಂಟ್‌ನವರಿಗೂ ಒಂದು ವಿಷಯ ಇದೆ. ಸಮುದ್ರದ ನೀರನ್ನ ಕಾಯಿಸಿ ಆವಿ ಹಿಡಿದು ಕುಡಿಯೋ ನೀರು ಮಾಡೋ ಯಂತ್ರ ಬೂಡೂಸ್‌ನಲ್ಲಿ ಇತ್ತು, ಅದನ್ನ ನಿಜವಾಗಿಯೂ ಬಳಸಿದರು.

1768ರ ಏಪ್ರಿಲ್‌ನಲ್ಲಿ ತಾಹಿತಿ ದ್ವೀಪ. ಬ್ರಿಟಿಷ್ ಕ್ಯಾಪ್ಟನ್ ವಾಲಿಸ್ ಹತ್ತು ತಿಂಗಳ ಹಿಂದೆಯಷ್ಟೇ ಅಲ್ಲಿಗೆ ಬಂದು ಹೋಗಿದ್ದು ಇವನಿಗೆ ಗೊತ್ತಿರಲಿಲ್ಲ. ಇಲ್ಲೂ ಲೇಟೇ. ತಿಂಗಳುಗಟ್ಟಲೆ ಸಮುದ್ರ ನೋಡಿದ ಕಣ್ಣಿಗೆ ಆ ಹಸಿರು ಬೆಟ್ಟ, ತೊರೆ, ಹಣ್ಣು, ನಗುವ ಜನ ಎಲ್ಲ ಸ್ವರ್ಗದ ಹಾಗೆ ಕಂಡಿತು. ಗ್ರೀಕ್ ಪ್ರೇಮದೇವತೆಯ ದ್ವೀಪದ ನೆನಪಲ್ಲಿ ಅದಕ್ಕೆ ಹೊಸ ಸಿಥೆರಾ ಅಂತ ಹೆಸರಿಟ್ಟ. ಊರಿನವರಿಗೆ ಆಗಲೇ ಒಂದು ಹೆಸರು ಇತ್ತು ಅನ್ನೋದು ಬೇರೆ ಮಾತು. ಇದ್ದದ್ದು ಒಂಬತ್ತು ದಿನ. ತಳದ ಹವಳ ಹಗ್ಗಗಳನ್ನ ಕೊಯ್ದು ಹಾಕಿ ಆರು ಲಂಗರು ಕಳೆದುಹೋದವು. ಆ ಒಂಬತ್ತು ದಿನದಲ್ಲೇ ಇವನ ಸೈನಿಕರು ಊರಿನವರನ್ನ ಕೊಂದೂ ಇದ್ದರು. ಬೂಗನ್ವಿಲ್‌ಗೆ ಸಿಟ್ಟು ಬಂತು, ಅನುಮಾನ ಇದ್ದವರನ್ನ ಸಂಕೋಲೆ ಹಾಕಿ ಕೂರಿಸಿದ, ಆದರೆ ಸತ್ತವರು ಸತ್ತರು. ಹೋಗುವಾಗ ಈ ನೆಲ ಫ್ರಾನ್ಸ್‌ದು ಅಂತ ಒಂದು ಬರಹ ಹೂತಿಟ್ಟು ಹೋದ. ಸ್ವರ್ಗ ಅಂತ ಹೊಗಳೋದೂ, ಅದನ್ನ ನಮ್ಮದು ಅಂತ ಬರೆದಿಡೋದೂ ಒಬ್ಬನೇ ಮನುಷ್ಯ, ಒಂದೇ ವಾರದಲ್ಲಿ.

ಅಹುತೊರು ಅನ್ನೋ ತಾಹಿತಿಯ ಯುವಕ ತಾನಾಗೇ ಹಡಗು ಹತ್ತಿ ಜೊತೆಗೆ ಬಂದ. ಅವನ ಹತ್ತಿರ ಮಾತಾಡ್ತಾ ಮಾತಾಡ್ತಾ ಬೂಗನ್ವಿಲ್‌ಗೆ ತಿಳೀತು, ಆ ದ್ವೀಪದಲ್ಲೂ ಮೇಲು ಕೀಳು ಇದೆ, ಯುದ್ಧ ಇದೆ, ನರಬಲಿ ಇದೆ ಅಂತ. ತಾನು ಮೊದಲು ತಪ್ಪು ತಿಳಿದಿದ್ದೆ ಅಂತ ಪುಸ್ತಕದಲ್ಲಿ ಒಪ್ಪಿಕೊಂಡ. ಇದು ನಂಗೆ ಇಷ್ಟ ಆದ ಗುಣ. ಆದರೆ ಯೂರೋಪಿನ ಓದುಗರು ಸ್ವರ್ಗದ ಭಾಗ ಮಾತ್ರ ಓದಿಕೊಂಡರು.

ಈಗ ಆ ಆಳಿನ ವಿಷಯ. ಹೆಸರು ಜ್ಯಾನ್ ಬಾರೆ. ಕೊಮೆರ್ಸೋನ್‌ಗೆ ಕಾಲಲ್ಲಿ ಹುಣ್ಣು, ಹೆಚ್ಚು ನಡೆಯೋಕಾಗ್ತಿರಲಿಲ್ಲ. ಮೆಗೆಲ್ಲನ್ ಜಲಸಂಧಿಯ ಹಿಮದ ಬೆಟ್ಟಗಳಲ್ಲಿ ಊಟ, ಬಂದೂಕು, ಗಿಡ ಒತ್ತಿಡೋ ಭಾರದ ಕಟ್ಟುಗಳು ಎಲ್ಲವನ್ನೂ ಹೊತ್ತು ಹತ್ತಿದ್ದು ಬಾರೆ. ತಾಹಿತಿಯಲ್ಲಿ ಇಳಿದ ಕೂಡಲೇ ಊರಿನವರು ಸುತ್ತುವರಿದು ಇದು ಹೆಣ್ಣು ಅಂತ ಕೂಗಿದರು. ಹಡಗಿನಲ್ಲಿ ಗುಸುಗುಸು ಆಗಲೇ ಇತ್ತು, ಈಗ ಬಯಲಾಯ್ತು. 1740ರಲ್ಲಿ ಬರ್ಗಂಡಿ ಪ್ರಾಂತ್ಯದ ಬಡ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗಳು ಆಕೆ. ನೌಕಾಪಡೆಯ ಹಡಗಿಗೆ ಹೆಂಗಸರು ಹತ್ತೋ ಹಾಗಿರಲಿಲ್ಲ, ಅದಕ್ಕೇ ಎದೆಗೆ ಬಟ್ಟೆ ಬಿಗಿದು ಗಂಡಸಿನ ವೇಷದಲ್ಲಿ ಹತ್ತಿದ್ದಳು. ಬೂಗನ್ವಿಲ್ ಕರೆದು ವಿಚಾರಿಸಿದ, ಅಳುತ್ತಾ ಒಪ್ಪಿಕೊಂಡಳು. ಶಿಕ್ಷೆ ಕೊಡಲಿಲ್ಲ. ಅವಳ ಧೈರ್ಯವನ್ನ ಮೆಚ್ಚಿಯೇ ಬರೆದ. ಆದರೂ ನೂರಾರು ಗಂಡಸರ ಮಧ್ಯೆ, ಗುಟ್ಟು ಹೊರಬಿದ್ದ ಮೇಲೆ, ಆ ಹಡಗಿನಲ್ಲಿ ಮುಂದಿನ ತಿಂಗಳುಗಳನ್ನ ಅವಳು ಹೇಗೆ ಕಳೆದಿರಬೇಕು ಅಂತ ಯೋಚಿಸಿದರೆ ನಂಗೆ ನಿದ್ದೆ ಬರಲಿಲ್ಲ. ರಿಯೋದ ಬಳ್ಳಿಯನ್ನ ಮುಳ್ಳು ಚುಚ್ಚಿಸಿಕೊಂಡು ಕಿತ್ತ ಕೈ ಕುಂಟೋ ಯಜಮಾನನದ್ದಾ, ಅವಳದ್ದಾ? ನನ್ನ ದುಡ್ಡು ಅವಳ ಮೇಲೆ.

ತಾಹಿತಿಯ ನಂತರ ಸಮೋವಾ, ಆಮೇಲೆ ಇವತ್ತಿನ ವನುವಾಟು. ಅಲ್ಲಿಂದ ನೇರ ಪಶ್ಚಿಮಕ್ಕೆ ಹೋಗಿ ಜೂನ್‌ನಲ್ಲಿ ಒಂದು ಕಡೆ ಕಣ್ಣು ಹಾಯೋವರೆಗೂ ನೊರೆಗಟ್ಟಿದ ಅಲೆ ನೋಡಿದರು. ಅದು ಆಸ್ಟ್ರೇಲಿಯಾದ ಪೂರ್ವಕ್ಕಿರೋ ಹವಳದ ಬಂಡೆಗಳು. ಮುಂದೆ ಹೋದರೆ ಹಡಗು ಒಡೆಯುತ್ತೆ ಅಂತ ಉತ್ತರಕ್ಕೆ ತಿರುಗಿಸಿದ. ಎರಡು ವರ್ಷ ಆದಮೇಲೆ ಅದೇ ಕುಕ್ ಆ ತೀರಕ್ಕೆ ಬಂದು, ಹಡಗನ್ನ ಬಂಡೆಗೆ ಹೊಡೆಸಿಕೊಂಡು, ಹೇಗೋ ಉಳಿದು, ಚರಿತ್ರೆಯಲ್ಲಿ ದೊಡ್ಡ ಹೆಸರಾದ. ಬೂಗನ್ವಿಲ್ ತಿರುಗಿದ್ದು ಹೇಡಿತನ ಅಂತ ನಾನು ಹೇಳಲ್ಲ. ಹಡಗಿನಲ್ಲಿ ಊಟವೇ ಇರಲಿಲ್ಲ. ಇಲಿ ತಿಂದರು, ಹಾಲು ಕೊಡ್ತಿದ್ದ ಆಡನ್ನ ಕಡಿದು ತಿಂದರು, ಚರ್ಮದ ಪಟ್ಟಿ ಬೇಯಿಸಿ ತಿನ್ನೋಕೆ ಹೊರಟಾಗ ಕ್ಯಾಪ್ಟನ್ನೇ ಬೇಡ ಅಂದ.

ಆ ಹಸಿವಿನಲ್ಲೇ ಜುಲೈ ಮೊದಲ ವಾರ ಸಾಲೊಮನ್ ದ್ವೀಪಸಮೂಹದ ದೊಡ್ಡದೊಂದು ದ್ವೀಪದ ಪಕ್ಕ ಹಾದುಹೋದರು. ಎತ್ತರದ ಬೆಟ್ಟ, ದಟ್ಟ ಕಾಡು. ಹಿಂದಿನ ದ್ವೀಪದಲ್ಲಿ ಜಗಳ ಆಗಿತ್ತು, ಹಾಗಾಗಿ ಇಳಿಯಲಿಲ್ಲ. ಅದರ ತುದಿಯ ಸಣ್ಣ ದ್ವೀಪದ ಹತ್ತಿರ ಜನ ದೋಣಿಯಲ್ಲಿ ಬಂದು ಬುಕಾ, ಬುಕಾ ಅಂತ ಕೂಗಿದರಂತೆ, ಅದಕ್ಕೆ ಬುಕಾ ಅನ್ನೋ ಹೆಸರೇ ನಿಂತಿತು. ದೊಡ್ಡ ದ್ವೀಪಕ್ಕೆ ಬೂಗನ್ವಿಲ್ ಅಂತಾಯ್ತು. ಅವನು ಕಾಲೂ ಇಡದ ದ್ವೀಪ ಅದು, ಮತ್ತೆಂದೂ ನೋಡಲೂ ಇಲ್ಲ.

ಸೆಪ್ಟೆಂಬರ್‌ನಲ್ಲಿ ಡಚ್ಚರ ಬುರು ದ್ವೀಪ ತಲುಪಿ ಹೊಟ್ಟೆ ತುಂಬ ಊಟ ಮಾಡಿದರು. ನವೆಂಬರ್‌ನಲ್ಲಿ ಮಾರಿಷಸ್. ಕೊಮೆರ್ಸೋನ್, ಬಾರೆ ಇಬ್ಬರೂ ಅಲ್ಲೇ ಉಳಿದರು. 1769ರ ಮಾರ್ಚ್ 16ಕ್ಕೆ ಬೂಡೂಸ್ ಸೇಂಟ್ ಮಾಲೋ ಸೇರಿತು. ಅಷ್ಟು ದೊಡ್ಡ ಪ್ರಯಾಣದಲ್ಲಿ ಸತ್ತವರು ಏಳೇ ಜನ. ಆ ಕಾಲದಲ್ಲಿ ಅರ್ಧ ಜನ ಸ್ಕರ್ವಿಗೆ ಸತ್ತರೂ ಯಾರೂ ಹುಬ್ಬೇರಿಸ್ತಿರಲಿಲ್ಲ. ದ್ವೀಪಗಳನ್ನ ಕಂಡಿದ್ದಕ್ಕಿಂತ ಈ ಏಳು ಅನ್ನೋ ಸಂಖ್ಯೆ ನಂಗೆ ದೊಡ್ಡದಾಗಿ ಕಾಣುತ್ತೆ.

1771ರಲ್ಲಿ ಬಂದ ಅವನ ಪ್ರವಾಸದ ಪುಸ್ತಕ ಯೂರೋಪಿನಲ್ಲಿ ಸದ್ದು ಮಾಡಿತು. ಅದೇ ವರ್ಷ ಅಹುತೊರು ಊರಿಗೆ ವಾಪಸ್ ಹೋಗುವ ದಾರಿಯಲ್ಲಿ ಮಡಗಾಸ್ಕರ್ ಹತ್ತಿರ ಸಿಡುಬಿಗೆ ಸತ್ತ. ಅವನನ್ನ ಮನೆ ಮುಟ್ಟಿಸೋಕೆ ಅಂತ ಬೂಗನ್ವಿಲ್ ತನ್ನ ಆಸ್ತಿಯ ಮೂರನೇ ಒಂದು ಭಾಗ ಖರ್ಚು ಮಾಡಿದ್ದ. ತಾಹಿತಿಯಲ್ಲಿ ಕಾಯ್ತಿದ್ದವರಿಗೆ ಅದರಿಂದ ಏನೂ ಸಿಗಲಿಲ್ಲ.

ಮುಂದಿನ ಯುದ್ಧ ಅಮೆರಿಕದ ಸ್ವಾತಂತ್ರ್ಯದ್ದು. ನಮಗೂ ಇದಕ್ಕೂ ಒಂದು ಎಳೆ ಇದೆ. 1778ರಲ್ಲಿ ಶುರುವಾದ ಇದೇ ಫ್ರೆಂಚ್ ಬ್ರಿಟಿಷ್ ಜಗಳದಲ್ಲಿ ಬ್ರಿಟಿಷರು ಮಾಹೆ ಬಂದರನ್ನ ಹಿಡಿದರು. ಹೈದರ್ ಅಲಿಗೆ ಫ್ರೆಂಚ್ ಸರಕು ಬರ್ತಿದ್ದ ಬಾಗಿಲು ಅದು. 1780ರಲ್ಲಿ ಹೈದರ್ ಯುದ್ಧಕ್ಕೆ ಇಳಿದಿದ್ದಕ್ಕೆ ಅದೂ ಒಂದು ಕಾರಣ. ಆ ಕಡೆ ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ 1781ರ ಸೆಪ್ಟೆಂಬರ್ 5ರಂದು ಬೂಗನ್ವಿಲ್ ಫ್ರೆಂಚ್ ನೌಕಾಪಡೆಯ ಮುಂಚೂಣಿ ನಡೆಸಿದ. ಆ ಗೆಲುವಿನಿಂದ ಸಮುದ್ರದ ದಾರಿ ಮುಚ್ಚಿತು, ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಶರಣಾದ. ಹತ್ತು ಹನ್ನೊಂದು ವರ್ಷಕ್ಕೆ ಶ್ರೀರಂಗಪಟ್ಟಣದ ಮುಂದೆ ಬಂದು ಟಿಪ್ಪುವಿನ ಮಕ್ಕಳನ್ನ ಒತ್ತೆ ಇಟ್ಟುಕೊಂಡನಲ್ಲ, ಅದೇ ಕಾರ್ನ್‌ವಾಲಿಸ್. 1782ರ ಏಪ್ರಿಲ್‌ನಲ್ಲಿ ಮಾತ್ರ ಕೆರಿಬಿಯನ್ ಸಮುದ್ರದಲ್ಲಿ ಫ್ರೆಂಚರು ಕೆಟ್ಟದಾಗಿ ಸೋತರು. ಸೇನಾಪತಿ ಸಿಕ್ಕಿಬಿದ್ದ, ಬೂಗನ್ವಿಲ್ ಸಹಾಯಕ್ಕೆ ಬರಲಿಲ್ಲ ಅಂತ ದೂರಿದ. 1784ರಲ್ಲಿ ವಿಚಾರಣೆ ಆಗಿ ಛೀಮಾರಿ ಹಾಕಿಸಿಕೊಂಡ. ಕ್ವಿಬೆಕ್‌ನ ಬೆಳಗ್ಗೆ ಅವನಿಗೆ ನೆನಪಾಗದೇ ಇರುತ್ತಾ?

ಉಳಿದದ್ದನ್ನ ಬೇಗ ಹೇಳ್ತೀನಿ. 51ನೇ ವಯಸ್ಸಲ್ಲಿ ಮದುವೆ, ನಾಲ್ಕು ಗಂಡುಮಕ್ಕಳು. ಕ್ರಾಂತಿಯ ಕಾಲದಲ್ಲಿ ಜೈಲು, ರೋಬೆಸ್ಪಿಯೆರ್ ಬಿದ್ದ ಮೇಲೆ ಬಿಡುಗಡೆ. ನೆಪೋಲಿಯನ್ ಅವನನ್ನ ಸೆನೆಟರ್ ಮಾಡಿದ, 1808ರಲ್ಲಿ ಕೌಂಟ್ ಪದವಿ ಕೊಟ್ಟ. ಆದರೆ ಅಷ್ಟರೊಳಗೆ ಒಬ್ಬ ಮಗ, ಆರ್ಮಾಂಡ್, 16ನೇ ವಯಸ್ಸಲ್ಲಿ ನೀರಿನಲ್ಲಿ ಮುಳುಗಿ ಸತ್ತಿದ್ದ. ಮೂರು ಸಾಗರ ದಾಟಿ ಜನರನ್ನ ಉಳಿಸಿ ತಂದವನ ಮಗ, ಮನೆ ಹತ್ತಿರದ ನೀರಲ್ಲಿ. 1806ರಲ್ಲಿ ಹೆಂಡತಿಯೂ ಹೋದಳು. ಅವನು 1811ರ ಆಗಸ್ಟ್ 31ರಂದು ತೀರಿಕೊಂಡ. ದೇಹ ಪ್ಯಾರಿಸ್‌ನ ಪಾಂಥಿಯೋನ್‌ನಲ್ಲಿ ದೊಡ್ಡವರ ಸಾಲಿನಲ್ಲಿದೆ, ಹೃದಯವನ್ನ ಮಾತ್ರ ಬೇರೆಯಾಗಿ ಮೊಂಮಾರ್ತ್ರ್ ಸ್ಮಶಾನದಲ್ಲಿ ಇಟ್ಟರು.

ಬಳ್ಳಿಯ ಹೆಸರು ಅಚ್ಚಾಗಿದ್ದು 1789ರಲ್ಲಿ, ಕೊಮೆರ್ಸೋನ್ 1773ರಲ್ಲೇ ಮಾರಿಷಸ್‌ನಲ್ಲಿ ಸತ್ತ ಎಷ್ಟೋ ವರ್ಷದ ಮೇಲೆ. ಅದೂ ತಪ್ಪು ಸ್ಪೆಲ್ಲಿಂಗ್‌ನಲ್ಲಿ. ಅದನ್ನ ಸರಿಮಾಡೋಕೆ 1930ರ ದಶಕ ಬರಬೇಕಾಯ್ತು. ನನ್ನ ಕನ್ನಡ ಕಾಗುಣಿತಕ್ಕೆ ನಗೋರು ಇದನ್ನ ಗಮನಿಸಬೇಕು. ಈಗ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೂ ಇದರ ಹೊಸ ತಳಿಗಳನ್ನ ಮಾಡಿದ್ದಾರೆ.

ದ್ವೀಪದ ಕಥೆ ಅಷ್ಟು ಬಣ್ಣದ್ದಲ್ಲ. ಜರ್ಮನರು, ಆಸ್ಟ್ರೇಲಿಯನ್ನರು, ಯುದ್ಧದಲ್ಲಿ ಜಪಾನಿಗಳು, ಹೀಗೆ ಕೈ ಬದಲಾಗಿ ಕೊನೆಗೆ ಪಾಪುವಾ ನ್ಯೂಗಿನಿಯ ಭಾಗ ಆಯ್ತು. ಪಂಗುನಾ ಅನ್ನೋ ಜಾಗದಲ್ಲಿ ಭಾರಿ ತಾಮ್ರದ ಗಣಿ 1972ರಲ್ಲಿ ಉತ್ಪಾದನೆ ಶುರು ಮಾಡಿತು. ನದಿ ಕೆಟ್ಟಿತು, ಲಾಭ ಹೊರಗೆ ಹೋಯ್ತು, ಜನ ಎದ್ದರು, 1989ರಲ್ಲಿ ಗಣಿ ಮುಚ್ಚಿತು. ಸುಮಾರು ಹತ್ತು ವರ್ಷ ನಡೆದ ಅಂತರ್ಯುದ್ಧದಲ್ಲಿ ಸಾವಿರಾರು ಜನ ಸತ್ತರು, 20,000 ವರೆಗೆ ಅಂತ ಅಂದಾಜು. 2019ರ ಜನಮತದಲ್ಲಿ ಸುಮಾರು 98 ಶೇಕಡಾ ಜನ ಸ್ವತಂತ್ರ ದೇಶ ಬೇಕು ಅಂತ ಮತ ಹಾಕಿದರು. ಅದು ಜಾರಿಗೆ ಬರೋಕೆ ಪಾಪುವಾ ನ್ಯೂಗಿನಿಯ ಸಂಸತ್ತಿನ ಒಪ್ಪಿಗೆ ಬೇಕು. ಹಡಗಿನಿಂದ ಇಳಿಯದೇ ಹೋದ ಒಬ್ಬನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡು ಅವರು ಹೋರಾಡ್ತಿದ್ದಾರೆ.

ಬಾರೆ ಮಾರಿಷಸ್‌ನಲ್ಲಿ ಮದುವೆಯಾಗಿ, 1775ರ ಹೊತ್ತಿಗೆ ಗಂಡನ ಜೊತೆ ಫ್ರಾನ್ಸ್‌ಗೆ ವಾಪಸ್ ಬಂದಳು. ಪ್ರಪಂಚ ಸುತ್ತಿದ ಮೊದಲ ಹೆಣ್ಣು ಅಂತ ಅವಳನ್ನ ಇವತ್ತು ಗುರುತಿಸ್ತಾರೆ. 1785ರಲ್ಲಿ ನೌಕಾಖಾತೆ ವರ್ಷಕ್ಕೆ 200 ಲೀವ್ರ್ ಪಿಂಚಣಿ ಕೊಟ್ಟಿತು. ಕೊಮೆರ್ಸೋನ್ ಒಂದು ಗಿಡಕ್ಕೆ ಅವಳ ಹೆಸರಿಟ್ಟಿದ್ದ, ಆದರೆ ಆ ಹೆಸರು ಉಳಿಯಲಿಲ್ಲ. 1807ರಲ್ಲಿ ತೀರಿಕೊಂಡಳು.

ಹೋದ ತಿಂಗಳು ಊರಿಗೆ ಹೋದಾಗ ಬೇಲಿ ಹತ್ತಿರ ಕೂತು ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಕ್ಯಾಪ್ಟನ್ ಕಥೆ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಆ ಹೊರೆ ಹೊತ್ತ ಹೆಂಗಸಿನ ಹೆಸರಲ್ಲಿ ಒಂದು ಗಿಡನಾದರೂ ಇದೆಯೇನೋ ಅಂತ ಕೇಳಿದರು. ಇದೆ ಅಜ್ಜಿ, 2012ರಲ್ಲಿ ದಕ್ಷಿಣ ಅಮೆರಿಕದ ಬೆಟ್ಟದಲ್ಲಿ ಸಿಕ್ಕಿದ ಒಂದು ಗಿಡಕ್ಕೆ ಇಟ್ಟರು, ನಮ್ಮ ಬದನೆ ಜಾತಿದು ಅಂದೆ. ಬದನೆ ಅಂದ ಕೂಡಲೇ ಅಜ್ಜಿ ಮುಖ ಅರಳಿತು. ಹಾಗಿದ್ರೆ ಪರವಾಗಿಲ್ಲ, ಸಾರಿಗಾದರೂ ಆಗುತ್ತೆ ಅಂತ ಹೇಳಿ, ಬೇಲಿಯ ಬಳ್ಳಿ ಸವರೋಕೆ ಕುಡುಗೋಲು ತರೋಕೆ ಒಳಗೆ ಹೋದರು.